ಆರು ರಾತ್ರಿ ಏಳು ಹಗಲು

ಕಲಬುರಗಿಯಲ್ಲಿ ಜಗತ್ ಅಂತ ಒಂದು ಏರಿಯಾ ಇದೆ. ಮದುವೆಯಾದ ಹೊಸದರಲ್ಲಿ ಬಸ್ ಸ್ಟ್ಯಾಂಡಿನಿಂದ ಆಟೋ ಹತ್ತಿದಾಗ ಡ್ರೈವರ್ ‘ಜಗತ್ ಬಂತ್ ನೋಡ್ರಿ’ ಅಂದ. ಮೈಸೂರು ಕಡೆಯ ನನ್ನ ಹೆಂಡತಿ ಆಚೀಚೆ ನೋಡಿ ‘ಇಷ್ಟೇನಾ ಜಗತ್ತು?’ ಅಂತ ಕೇಳಿದ್ದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೊಂದು ಜೋಕು.

ಹೋದ ದೀಪಾವಳಿಗೆ, ಅಂದರೆ 2024ರಲ್ಲಿ, ಊರಿಗೆ ಹೋದಾಗ ಅದೇ ಜಗತ್‌ನ ಒಂದು ಚಹಾದ ಅಂಗಡಿಯಲ್ಲಿ ಬಿಇ ಓದುವಾಗಿನ ದೋಸ್ತ್ ಒಬ್ಬ ಫೋನಿನಲ್ಲಿ ಪಿಡಿಎಫ್ ತೆಗೆದು ಮುಂದೆ ಹಿಡಿದ. ಅವನು ಈಗ ಹೈದರಾಬಾದಿನಲ್ಲಿದ್ದಾನೆ. ‘ಬಾಲಿ. ಆರು ರಾತ್ರಿ ಏಳು ಹಗಲು. ಎರಡೂ ಫ್ಯಾಮಿಲಿ ಕೂಡಿ ಹೋಗಾಮು. ನೀ ಹೂಂ ಅನ್ನು ಸಾಕು, ಪ್ಲ್ಯಾನ್ ಎಲ್ಲಾ ಆಗ್ಯಾದ’ ಅಂದ. ನಾನು ಹೂಂ ಅಂದೆ. ಒಂಬತ್ತು ಪುಟದ ಆ ಪಿಡಿಎಫ್ ಅನ್ನು ವಾಟ್ಸಾಪಿಗೆ ಹಾಕಿಸಿಕೊಂಡು, ಕಮಲಾಪುರದ ಬಸ್ ಹಿಡಿದು ಮನೆಗೆ ಬಂದೆ. ರಾತ್ರಿ ಕರೆಂಟ್ ಹೋಗಿತ್ತು. ಅಂಗಳದಲ್ಲಿ ಹೊರಸಿನ ಮೇಲೆ ಮಲಗಿ ಅದನ್ನು ಮೊದಲಿನಿಂದ ಕೊನೆಯವರೆಗೂ ಓದಿದೆ.

ಪುಸ್ತಕ ವಿಮರ್ಶೆ ಬರೆಯುವವರಿದ್ದಾರೆ. ಸಿನಿಮಾ ವಿಮರ್ಶೆ ಬರೆಯುವವರಂತೂ ಓಣಿಗೊಬ್ಬರು. ಆದರೆ ನಮ್ಮ ವಯಸ್ಸಿನ ಸಂಬಳದವರು ಯಾವ ಕಾದಂಬರಿಗೂ ಕೊಡದಷ್ಟು ಗಮನ ಕೊಟ್ಟು ಓದುವ ಬರವಣಿಗೆ ಒಂದಿದೆ, ಅದನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡಿದ್ದು ನಾನು ಕಂಡಿಲ್ಲ. ಅದು ಐಟಿನರಿ. ಇದಕ್ಕೆ ಲಕ್ಷ ಲಕ್ಷ ಓದುಗರಿದ್ದಾರೆ, ಓದಿದ ಮೇಲೆ ಜನ ನಿಜವಾಗಿಯೂ ದುಡ್ಡು ಖರ್ಚು ಮಾಡುತ್ತಾರೆ, ವಿಮಾನ ಹತ್ತುತ್ತಾರೆ. ಯಾವ ಕವಿಗೆ ಈ ಭಾಗ್ಯ ಇದೆ ಹೇಳ್ರಿ? ಹಾಗಾಗಿ ಈ ಒಂಬತ್ತು ಪುಟವನ್ನು ಒಂದು ಕೃತಿ ಅಂತಲೇ ತಿಳಿದು ಓದೋಣ.

ಇದರ ಕ್ರಿಯಾಪದಗಳನ್ನು ಮೊದಲು ನೋಡಿ. ಏಳು ದಿನದಲ್ಲಿ ನಾವು ಹದಿನೇಳು ಜಾಗ ‘ಕವರ್’ ಮಾಡುತ್ತೇವೆ. ನೋಡುವುದಿಲ್ಲ, ಕೂಡುವುದಿಲ್ಲ, ದಾರಿ ತಪ್ಪುವುದಂತೂ ಇಲ್ಲವೇ ಇಲ್ಲ. ಎರಡನೇ ದಿನ ತೆಗಲ್ಲಾಲಾಂಗ್ ಗದ್ದೆ, ಕಾಫಿ ತೋಟ, ಜೋಕಾಲಿ, ಉಬುದ್ ಮಾರುಕಟ್ಟೆ, ಸಂಜೆ ಕೆಚಕ್ ಕುಣಿತ. ಮೂರನೇ ದಿನ ದೋಣಿಯಲ್ಲಿ ನುಸಾ ಪೆನಿಡಾ. ನಾಲ್ಕನೇ ದಿನ ನಸುಕಿನ ಎರಡು ಗಂಟೆಗೆ ಎದ್ದು ಬತೂರ್ ಜ್ವಾಲಾಮುಖಿಯ ಮೇಲೆ ಸೂರ್ಯೋದಯ, ಇಳಿದು ಬಂದು ಬಿಸಿನೀರಿನ ಬುಗ್ಗೆ, ಅಲ್ಲಿಂದ ಲೆಂಪುಯಾಂಗ್ ದೇವಸ್ಥಾನದ ಬಾಗಿಲು, ವಾಪಸ್ ದಕ್ಷಿಣದ ಬೀಚ್ ಹೋಟೆಲ್. ಬತೂರ್ ಏರಿ ಇಳಿದ ಕಾಲಿನಲ್ಲಿ ಲೆಂಪುಯಾಂಗ್‌ಗೆ ಹೋಗಿ, ಅಲ್ಲಿಂದ ಮತ್ತೆ ಎರಡು ಗಂಟೆಗೂ ಮೇಲಿನ ದಾರಿ. ಇದನ್ನು ಬರೆದವರು ಆ ದಾರಿಯಲ್ಲಿ ಒಮ್ಮೆ ಕಾರಿನಲ್ಲಿ ಕೂತಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ನಮ್ಮ ಕಂಪನಿಯಲ್ಲಿ ಕೋಡ್ ಬರೆಯದ ಮ್ಯಾನೇಜರ್ ಮಾಡಿದ ರಿಲೀಸ್ ಪ್ಲ್ಯಾನ್ ಕೂಡ ಹೀಗೇ ಇರುತ್ತದೆ. ಎಲ್ಲ ಕೆಲಸಕ್ಕೂ ಜಾಗ ಇರುತ್ತದೆ, ಬಫರ್ ಮಾತ್ರ ಇರುವುದಿಲ್ಲ.

ಬಾಲಿ ಸಣ್ಣ ದ್ವೀಪ ಅನ್ನುವುದೇ ಈ ತಪ್ಪಿಗೆ ಮೂಲ. ಸಣ್ಣದು ಹೌದು. ಅದರ ವಿಸ್ತೀರ್ಣ ಸುಮಾರು 5,780 ಚದರ ಕಿ.ಮೀ. ನಮ್ಮ ಕಲಬುರಗಿ ಜಿಲ್ಲೆ, ಯಾದಗಿರಿ ಬೇರೆಯಾದ ಮೇಲೂ, ಹತ್ತಿರ ಹತ್ತಿರ 11,000. ಅಂದರೆ ನಮ್ಮ ಜಿಲ್ಲೆಯೊಳಗೆ ಬಾಲಿಯನ್ನು ಇಟ್ಟರೆ ಇನ್ನೂ ಒಂದು ಬಾಲಿಗೆ ಹೆಚ್ಚುಕಮ್ಮಿ ಜಾಗ ಉಳಿಯುತ್ತದೆ. ಆದರೆ ಯಾರಾದರೂ ಬಂದು ‘ಆಳಂದ, ಗಾಣಗಾಪುರ, ಸನ್ನತಿ, ಮಳಖೇಡ, ಚಂದ್ರಂಪಳ್ಳಿ ಒಂದೇ ದಿನದಾಗ ಕವರ್ ಮಾಡ್ರಿ’ ಅಂದರೆ ನಾವು ಅವರ ಮುಖ ನೋಡಿ ನಗುವುದಿಲ್ಲವೇ? ನಮ್ಮದು ಬಯಲು ಸೀಮೆ, ಗಾಡಿ ಓಡುತ್ತದೆ. ಅಲ್ಲಿ ನಡುವೆ ಜ್ವಾಲಾಮುಖಿಗಳ ಸಾಲು, ಅದರ ಮೈಯಿಂದ ಇಳಿಯುವ ಕಮರಿಗಳು, ಕಮರಿಗಳ ನಡುವಿನ ದಿಬ್ಬದ ಮೇಲೆ ಕಿರಿದಾದ ರಸ್ತೆ. ಉತ್ತರ-ದಕ್ಷಿಣ ಹೋಗಬಹುದು, ಪೂರ್ವ-ಪಶ್ಚಿಮ ಹೋಗಬೇಕೆಂದರೆ ಸುತ್ತು. ನಕಾಶೆಯಲ್ಲಿ 35 ಕಿ.ಮೀ. ಅಂದರೆ ಗಂಟೆಗೂ ಮೇಲೆ ಅಂತಲೇ ಲೆಕ್ಕ ಹಾಕಬೇಕು.

ಪಿಡಿಎಫ್‌ನ ಮುಖಪುಟದಲ್ಲಿ ಲೆಂಪುಯಾಂಗ್ ಬಾಗಿಲಿನ ಚಿತ್ರ ಇದೆ. ನೀವೂ ನೋಡಿರುತ್ತೀರಿ. ಎರಡು ಕಲ್ಲಿನ ಗೋಪುರ, ನಡುವೆ ಒಬ್ಬ ಹುಡುಗಿ, ಹಿಂದೆ ಆಗುಂಗ್ ಪರ್ವತ, ಕೆಳಗೆ ಕನ್ನಡಿಯಂಥ ನೀರಿನಲ್ಲಿ ಎಲ್ಲದರ ನೆರಳು. ಅಲ್ಲಿ ನೀರೇ ಇಲ್ಲ. ಫೋನಿನ ಕ್ಯಾಮೆರಾದ ಕೆಳಗೆ ಕನ್ನಡಿ ತುಂಡು ಹಿಡಿದು ಆ ನೆರಳು ತೆಗೆಯುತ್ತಾರೆ. ಟೋಕನ್ ತೆಗೆದುಕೊಂಡು, ಗಂಟೆಗಟ್ಟಲೆ ಪಾಳಿ ಹಚ್ಚಿ ಕೂತು, ನಿಮ್ಮ ಸರದಿ ಬಂದಾಗ ಎರಡು ಮೂರು ಪೋಸ್. ಲೆಂಪುಯಾಂಗ್‌ನ ಮುಖ್ಯ ದೇವಸ್ಥಾನ ಇರುವುದು ಅಲ್ಲಿಂದ ಮೇಲೆ, ಸುಮಾರು 1,700 ಮೆಟ್ಟಿಲು ಹತ್ತಿದರೆ. ಪಿಡಿಎಫ್‌ನಲ್ಲಿ ಆ ದೇವಸ್ಥಾನದ ಮಾತೇ ಇಲ್ಲ, ಫೋಟೋ ಹೊಡೆದ ಮೇಲೆ ‘ಮುಂದಿನ ಜಾಗಕ್ಕೆ ಪ್ರಯಾಣ’ ಅಂತ ಇದೆ. ನಾನು ಇದಕ್ಕೆ ಟೂರ್ ಕಂಪನಿಯನ್ನು ಬೈಯುವುದಿಲ್ಲ. ನಾವು ಕೇಳಿದ್ದನ್ನು ಅವರು ಬರೆದುಕೊಟ್ಟಿದ್ದಾರೆ. ನನ್ನ ದೋಸ್ತನೂ ಮೊದಲು ಹೇಳಿದ್ದು ‘ಆ ಬಾಗಿಲ ಫೋಟೋ ಒಂದು ಬೇಕು ನೋಡಪಾ’ ಅಂತಲೇ.

ಈ ಕೃತಿಯಲ್ಲಿ ನನಗೆ ಹೆಚ್ಚು ಕಾಡಿದ್ದು ಬೇರೆ. ಒಂಬತ್ತು ಪುಟದಲ್ಲಿ ಜ್ವಾಲಾಮುಖಿ ಅನ್ನುವ ಮಾತು ಆರು ಸಲ ಬಂದಿದೆ, ಆರೂ ಸಲ ಅದು ‘ವ್ಯೂ’. ಕಿಂತಾಮಣಿಯಲ್ಲಿ ಜ್ವಾಲಾಮುಖಿಯ ವ್ಯೂ ಇರುವ ಹೋಟೆಲಿನಲ್ಲಿ ಮಧ್ಯಾಹ್ನದ ಊಟ. ಹೌದು, ಆ ಕಿಟಕಿಯಿಂದ ಕಾಣುವ ಕಪ್ಪು ಕಲ್ಲಿನ ಹರವು ಏನು? ಬತೂರ್ ಉಗುಳಿದ ಲಾವಾ. 1926ರಲ್ಲಿ ಅದೇ ಲಾವಾ ಕೆರೆಯ ದಂಡೆಯ ಬತೂರ್ ಹಳ್ಳಿಯನ್ನು, ಅದರ ದೇವಸ್ಥಾನವನ್ನು ಮುಚ್ಚಿತು. ಊರಿನವರು ಉಳಿದದ್ದನ್ನು ಹೊತ್ತುಕೊಂಡು ಮೇಲಿನ ಅಂಚಿಗೆ ಬಂದು ಊರನ್ನೂ ಗುಡಿಯನ್ನೂ ಮತ್ತೆ ಕಟ್ಟಿದರು. ಪ್ರವಾಸಿಗರು ಊಟ ಮಾಡುವುದು ಆ ಅಂಚಿನ ಮೇಲೆಯೇ. ಇನ್ನು 1963ರಲ್ಲಿ ಆಗುಂಗ್ ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರ ಇಳಿಜಾರಿನಲ್ಲೇ ಇರುವ ಬೆಸಾಕಿಹ್ ದೇವಸ್ಥಾನದ ಪಕ್ಕದಿಂದ ಲಾವಾ ಹರಿದುಹೋಯಿತು, ಗುಡಿ ಉಳಿಯಿತು. 2017ರ ನವೆಂಬರ್‌ನಲ್ಲಿ ಅದೇ ಆಗುಂಗ್‌ನ ಬೂದಿಯಿಂದ ಬಾಲಿಯ ವಿಮಾನ ನಿಲ್ದಾಣ ಮುಚ್ಚಿ ಸಾವಿರಾರು ಪ್ರವಾಸಿಗರು ಸಿಕ್ಕಿಬಿದ್ದರು. ನಾನು ಈ ಪಿಡಿಎಫ್ ಓದಿ ಹದಿನೈದು ದಿನ ಆಗಿರಲಿಲ್ಲ, ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದು ಬಾಲಿಯ ವಿಮಾನಗಳು ಮತ್ತೆ ರದ್ದಾದವು. ಜ್ವಾಲಾಮುಖಿ ದ್ವೀಪಕ್ಕೆ ಪ್ಲ್ಯಾನ್ ಮಾಡುವವರು ಕೊನೆಗೆ ಒಂದು ದಿನ ಖಾಲಿ ಇಟ್ಟುಕೊಳ್ಳಬೇಕು, ಸೋಮವಾರ ಬೆಳಿಗ್ಗೆ ಮೀಟಿಂಗ್ ಇದೆ ಅಂತ ಭಾನುವಾರ ರಾತ್ರಿಯ ವಿಮಾನ ಬುಕ್ ಮಾಡಬಾರದು. ಇಷ್ಟು ಬರೆಯಲು ಒಂದು ಸಾಲು ಸಾಕಿತ್ತು. ಒಂಬತ್ತು ಪುಟದಲ್ಲಿ ಆ ಒಂದು ಸಾಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನಿಗೆ ಫೋಟೋ ತೋರಿಸಿದೆ. ಅಪ್ಪ ಬಾಗಿಲಿನ ಚಿತ್ರ, ಬೀಚಿನ ಚಿತ್ರ ಎಲ್ಲ ಬೆರಳಿನಿಂದ ಸರಿಸಿಬಿಟ್ಟ. ಗದ್ದೆಯ ಚಿತ್ರಕ್ಕೆ ನಿಂತ.

‘ಭೂಮಿ ಯಾವುದ್ ಅದ ತಮ್ಮಾ ಇದು? ಕರಿದೋ ಕೆಂಪದೋ?’

‘ಜ್ವಾಲಾಮುಖಿ ಬೂದಿದು ಅಪ್ಪಾ. ಭಾಳ ಫಲವತ್ತ ಇರ್ತದಂತ.’

‘ಮತ್ತ ಇಷ್ಟ ಮ್ಯಾಲ ನೀರ ಹ್ಯಾಂಗ ಏರಸ್ಯಾರ? ಮೋಟರ್ ಅವ?’

ನನಗೆ ಗೊತ್ತಿರಲಿಲ್ಲ. ಪಿಡಿಎಫ್‌ನಲ್ಲಿ ಅದು ‘ಇನ್‌ಸ್ಟಾ ತಾಣ’ ಅಂತಷ್ಟೇ ಇತ್ತು.

ಭೂಮಿಯ ಪ್ರಶ್ನೆ ನಮ್ಮಪ್ಪನಿಗೆ ಸಹಜ. ನಮ್ಮ ಕರಿಭೂಮಿಯೂ ಜ್ವಾಲಾಮುಖಿಯದೇ ಮಗು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ನಿನ ತುಂಬ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾಯಿತು. ಆ ಕರಿಕಲ್ಲು ಸವೆದು ಸವೆದು ಎರೆಮಣ್ಣಾಯಿತು. ನಮ್ಮ ತೊಗರಿ ಬೆಳೆಯುವುದು ಅದರಲ್ಲಿ. ಮೇಲೆ ಬೀದರ ಕಡೆ ಹೋದರೆ ಅದೇ ಕಲ್ಲಿನ ಮೇಲೆ ಜಂಬಿಟ್ಟಿಗೆಯ ಟೋಪಿ. ಕರ್ನಾಟಕದಲ್ಲಿ ಜ್ವಾಲಾಮುಖಿಯ ದ್ವೀಪವೇ ಬೇಕು ಅನ್ನುವವರಿಗೆ ಮಲ್ಪೆಯ ಎದುರು ಸೇಂಟ್ ಮೇರಿಸ್ ದ್ವೀಪ ಇದೆ. ಅಲ್ಲಿಯ ಕಂಬದಂಥ ಕಲ್ಲುಗಳು ದಖನ್ನಿನ ಲಾವಾಕ್ಕಿಂತಲೂ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ. ಅಲ್ಲಿಗೂ ನಾವು ದೋಣಿಯಲ್ಲಿ ಹೋಗಿ, ಕಂಬದ ಮೇಲೆ ನಿಂತು ಫೋಟೋ ಹೊಡೆಸಿಕೊಂಡು, ಗಂಟೆಯೊಳಗೆ ವಾಪಸ್ ಬರುತ್ತೇವೆ. ಕಾಲೇಜಿನ ಟೂರಿನಲ್ಲಿ ನಾನೂ ಹಾಗೇ ಬಂದಿದ್ದೆ. ಆ ಕಲ್ಲು ಏನು ಅಂತ ಗೊತ್ತಾಗಿದ್ದು ಹತ್ತು ವರ್ಷದ ಮೇಲೆ.

ಅಪ್ಪನ ನೀರಿನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬೆಂಗಳೂರಿಗೆ ಬಂದ ಮೇಲೆ ಒಂದು ಪುಸ್ತಕ ಸಿಕ್ಕಿತು. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞನದು, 1991ರದು, ಹೆಸರು ‘ಪ್ರೀಸ್ಟ್ಸ್ ಅಂಡ್ ಪ್ರೋಗ್ರಾಮರ್ಸ್’. ಹೆಸರು ನೋಡಿಯೇ ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ. ಬಾಲಿಯಲ್ಲಿ ಒಂದೇ ಕಾಲುವೆಯ ನೀರು ಹಂಚಿಕೊಳ್ಳುವ ರೈತರ ಕೂಟಕ್ಕೆ ಸುಬಾಕ್ ಅನ್ನುತ್ತಾರೆ. ಪ್ರತಿ ಹಂತದಲ್ಲೂ ಒಂದು ನೀರಿನ ಗುಡಿ, ಎಲ್ಲಕ್ಕೂ ಮೇಲೆ ಬತೂರ್ ಕೆರೆಯ ದೇವಿಯ ಗುಡಿ. ಹೌದು, 1926ರಲ್ಲಿ ಮುಳುಗಿ ಮೇಲೆ ಬಂದ ಅದೇ ಗುಡಿ. ಯಾವ ಸುಬಾಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಖಾಲಿ ಬಿಡಬೇಕು ಅನ್ನುವುದು ಈ ಗುಡಿಗಳ ಜಾಲದಲ್ಲಿ ಕೂತು ಮಾತಾಡಿ ತೀರ್ಮಾನವಾಗುತ್ತಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ ಹಾಕಿ, ವರ್ಷಕ್ಕೆ ಎಷ್ಟು ಸಲ ಆಗುತ್ತದೋ ಅಷ್ಟು ಸಲ ನಾಟಿ ಮಾಡಿ, ಗುಡಿಯ ಲೆಕ್ಕ ಬಿಡಿ ಅಂದರು. ಕೆಲವು ವರ್ಷದಲ್ಲೇ ನೀರಿಗೆ ಜಗಳ, ಕಂದು ಜಿಗಿಹುಳದ ಕಾಟ, ಬೆಳೆ ನಾಶ.

ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ ಎಂಬ ಪರಿಸರ ವಿಜ್ಞಾನಿ ಸೇರಿ ಎರಡು ನದಿಗಳ ಮೇಲಿನ 172 ಸುಬಾಕ್‌ಗಳನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿದರು. ಪ್ರತಿಯೊಬ್ಬರೂ ತಮಗೆ ತಿಳಿದಂತೆ ನಾಟಿ ಮಾಡಿದರೆ ಹುಳಕ್ಕೆ ಯಾವಾಗಲೂ ಎಲ್ಲೋ ಒಂದು ಕಡೆ ಮೇವು ಸಿಗುತ್ತದೆ. ಎಲ್ಲರೂ ಒಂದೇ ದಿನ ನಾಟಿ ಮಾಡಿದರೆ ಹುಳ ಹಸಿದು ಸಾಯುತ್ತದೆ, ಆದರೆ ಎಲ್ಲರಿಗೂ ಒಂದೇ ವಾರದಲ್ಲಿ ನೀರು ಬೇಕಾಗುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಹದ ಇದೆ. ಮಾಡೆಲ್ ಹೇಳಿದ ಹದ ಗುಡಿಗಳ ಜಾಲ ಇಟ್ಟುಕೊಂಡಿದ್ದ ಹದಕ್ಕೆ ಹತ್ತಿರ ಹತ್ತಿರ ಇತ್ತು. 2012ರಲ್ಲಿ ಯುನೆಸ್ಕೊ ಈ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜತಿಲುವಿಹ್ ಗದ್ದೆಗಳೂ ಬತೂರ್ ಗುಡಿಯೂ ಅದರಲ್ಲಿವೆ. ತೆಗಲ್ಲಾಲಾಂಗ್ ಹೆಚ್ಚು ಫೋಟೋ ಆಗುವ ಗದ್ದೆ, ನಿಮಗೆ ನೋಡಲು ಒಂದೇ ದಿನ ಇದ್ದರೆ ಜತಿಲುವಿಹ್‌ಗೆ ಹೋಗಿ. ಇದು ನನ್ನ ಅಭಿಪ್ರಾಯ.

ಫೋನ್ ಮಾಡಿ ಅಪ್ಪನಿಗೆ ಇದನ್ನು ಹೇಳಿದೆ. ನಾನು ಮಾಡೆಲ್, ನೆಟ್‌ವರ್ಕ್ ಅಂತ ಉಬ್ಬಿ ಹೇಳುತ್ತಿದ್ದರೆ ಅಪ್ಪ ಅರ್ಧಕ್ಕೇ ತಡೆದ. ‘ಅದ ಕಂಪ್ಯೂಟರಿಗಿ ಯಾಕ ಬೇಕು? ನಮ್ಮಲ್ಲಿ ತೊಗರಿಗಿ ಕೀಡಿ ಬಿದ್ದಾಗ ಏನ್ ಮಾಡಿದ್ವಿ ನೆನಪ ಅದ ಇಲ್ಲ?’ ನೆನಪಿದೆ. ತೊಂಬತ್ತರ ದಶಕದ ಕೊನೆ. ಎಣ್ಣೆ ಹೊಡೆದರೂ ಕಾಯಿಕೊರಕ ಸಾಯುತ್ತಿರಲಿಲ್ಲ. ನಮ್ಮಲ್ಲಿ ಎಣ್ಣೆ ಅಂದರೆ ಕೀಟನಾಶಕ. ಗಿಡದ ಕೆಳಗೆ ತಾಡಪತ್ರಿ ಎಳೆಯುತ್ತಾ ಗಿಡ ಹಿಡಿದು ಅಲ್ಲಾಡಿಸುವುದು, ಬಿದ್ದ ಕೀಡಿಗಳನ್ನು ಚೀಲಕ್ಕೆ ತುಂಬುವುದು. ನಾನು ಶಾಲೆ ಬಿಟ್ಟು ತಾಡಪತ್ರಿಯ ಒಂದು ತುದಿ ಹಿಡಿದಿದ್ದೆ. ನಮ್ಮ ಹೊಲದಲ್ಲಿ ಮಾತ್ರ ಮಾಡಿದರೆ ಪ್ರಯೋಜನ ಇರಲಿಲ್ಲ. ಬಾಜೂ ಹೊಲದವನೂ ಅದೇ ದಿನ ಮಾಡಬೇಕು, ಅವನ ಬಾಜೂದವನೂ. ರಾತ್ರಿ ಹನುಮಂತನ ಗುಡಿಯ ಕಟ್ಟೆಯ ಮೇಲೆ ಕೂತು ಯಾರು ಯಾವಾಗ ಅಂತ ಮಾತಾಗುತ್ತಿತ್ತು. ನಾನು ಬಾಲಿಯ ಬಗ್ಗೆ ಇಂಗ್ಲಿಷಿನಲ್ಲಿ ಓದಿ ಬೆರಗಾದದ್ದು ನಮ್ಮ ಗುಡಿಯ ಕಟ್ಟೆಯ ಮೇಲೂ ಸಣ್ಣ ಪ್ರಮಾಣದಲ್ಲಿ ನಡೆದಿತ್ತು. ಆಗ ನನಗೆ ಅದರ ಕಡೆ ಲಕ್ಷ್ಯ ಇರಲಿಲ್ಲ, ಶಾಲೆ ತಪ್ಪಿತಲ್ಲ ಅಂತ ಖುಷಿ ಇತ್ತು ಅಷ್ಟೇ.

ಇದಾದ ಮೇಲೆ ಬಾಲಿಗೆ ಹೋಗಿಬಂದವರ ಬರಹಗಳನ್ನು ಓದುವ ನನ್ನ ದೃಷ್ಟಿ ಬದಲಾಯಿತು. ಬಹಳ ಜನ ಒಂದು ದೂರು ಬರೆಯುತ್ತಾರೆ: ತೆಗಲ್ಲಾಲಾಂಗ್ ಗದ್ದೆಯ ಬದುವಿನ ಮೇಲೆ ನಡೆಯುವಾಗ ಅಲ್ಲಲ್ಲಿ ರೈತರು ಒಂದು ಡಬ್ಬಿ ಇಟ್ಟುಕೊಂಡು ಕೂತಿರುತ್ತಾರೆ, ದುಡ್ಡು ಹಾಕದಿದ್ದರೆ ಮುಂದೆ ಬಿಡುವುದಿಲ್ಲ, ಇದು ಮೋಸ, ಹುಷಾರ್. ನಾನೂ ಮೊದಲ ಸಲ ಓದಿದಾಗ ಹೌದಲ್ಲ ಅಂದುಕೊಂಡು ನೋಟ್ ಮಾಡಿಕೊಂಡಿದ್ದೆ. ಈಗ ಯೋಚಿಸಿ. ನಿಮ್ಮಪ್ಪನ ಹೊಲದ ಬದುವಿನ ಮೇಲೆ ದಿನಕ್ಕೆ ಸಾವಿರ ಜನ ಶೂಸ್ ಹಾಕಿಕೊಂಡು ನಡೆದು, ಬದು ಜರಿದು, ನೀರು ಹೊರಗೆ ಹೋಗಿ, ಅವರೆಲ್ಲ ಕೈ ಚಾಚಿ ಫೋಟೋ ಹೊಡೆದುಕೊಂಡು ಎದುರಿನ ಕೆಫೆಯಲ್ಲಿ ಕಾಫಿ ಕುಡಿದು ಹೋದರೆ ನಿಮ್ಮಪ್ಪ ಏನು ಮಾಡುತ್ತಿದ್ದ? ನಮ್ಮಪ್ಪನಾದರೆ ಡಬ್ಬಿ ಇಡುತ್ತಿರಲಿಲ್ಲ, ಬಾರಕೋಲು ಹಿಡಿಯುತ್ತಿದ್ದ. ಜೋಕಾಲಿಗೆ ಸಾವಿರಾರು ರೂಪಾಯಿ ಕೊಟ್ಟದ್ದನ್ನು ಅದೇ ಲೇಖಕರು ‘ವರ್ತ್ ಇಟ್’ ಅಂತ ಬರೆದಿದ್ದಾರೆ. ಬತೂರ್ ಹತ್ತುವಾಗ ಸ್ಥಳೀಯ ಗೈಡ್‌ಗಳ ಸಂಘದವರನ್ನೇ ಕರೆದುಕೊಂಡು ಹೋಗಬೇಕು ಅನ್ನುವುದಕ್ಕೂ ಇದೇ ತಕರಾರು, ಅದಕ್ಕೆ ಅವರು ಕೊಟ್ಟ ಹೆಸರು ‘ಮಾಫಿಯಾ’. ಸಿದ್ಧ ದರ ಬರೆದ ಬೋರ್ಡ್ ಇರಲಿ, ಮುಂಚೆಯೇ ಹೇಳಲಿ ಅನ್ನುವುದು ನ್ಯಾಯದ ಮಾತು, ಒಪ್ಪುತ್ತೇನೆ. ಆದರೆ ಪ್ರವಾಸ ಬರಹ ಬರೆಯುವ ನಾವು ರೈತನ ಕೈಗೆ ನೇರ ಹೋಗುವ ಹತ್ತಿಪ್ಪತ್ತು ಸಾವಿರ ರುಪಿಯಾವನ್ನೇ, ಅಂದರೆ ನೂರು ರೂಪಾಯಿಯ ಆಸುಪಾಸು, ಮೋಸ ಅನ್ನುವುದಾದರೆ ನಮ್ಮ ಕಣ್ಣಿನಲ್ಲೇ ಏನೋ ಐಬು ಇದೆ.

ಸಹೋದ್ಯೋಗಿ ಒಬ್ಬ 2023ರ ಮಾರ್ಚ್‌ನಲ್ಲಿ ಬಾಲಿಗೆ ಹೋಗಿದ್ದ. ಬಂದು ಗ್ರೂಪಿನಲ್ಲಿ ‘ಒಂದು ದಿನ ಫುಲ್ ವೇಸ್ಟ್’ ಅಂತ ಹಾಕಿದ. ಮಾರ್ಚ್ 22ರಂದು ಅಲ್ಲಿ ನ್ಯೆಪಿ, ಮೌನದ ಹಬ್ಬ. ವಿಮಾನ ನಿಲ್ದಾಣ ಇಡೀ ದಿನ ಬಂದ್, ರಸ್ತೆಯಲ್ಲಿ ಒಂದು ಗಾಡಿ ಇಲ್ಲ, ರಾತ್ರಿ ದೀಪ ಇಲ್ಲ, ಪ್ರವಾಸಿಗರೂ ಹೋಟೆಲ್ ಬಿಟ್ಟು ಹೊರಗೆ ಬರುವಂತಿಲ್ಲ. ಅವರದು ಶಕ ವರ್ಷದ ಮೊದಲ ದಿನ. ಆ ವರ್ಷ ನಮ್ಮ ಯುಗಾದಿಯೂ ಅದೇ ದಿನ. ಇಬ್ಬರದೂ ಶಕ 1945. ನಾವು ಕಮಲಾಪುರದಲ್ಲಿ ಬೇವು ಕುಡಿದು ಹೋಳಿಗೆ ತಿನ್ನುವಾಗ, ಅವನು ಇಡೀ ದ್ವೀಪ ಉಸಿರು ಹಿಡಿದು ಕೂತಿದ್ದ ರಾತ್ರಿಯಲ್ಲಿ ನೆಟ್‌ವರ್ಕ್ ಇಲ್ಲ ಅಂತ ಗೊಣಗುತ್ತಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಐಟಿನರಿಯಲ್ಲಿ ಆ ದಿನಕ್ಕೆ ‘ಬೀಚ್ ಕ್ಲಬ್’ ಅಂತ ಇತ್ತಂತೆ.

ಇಲ್ಲಿಗೆ ಬಂದಾಗ ನಮ್ಮಲ್ಲಿ ಕೆಲವರು ಪ್ಲ್ಯಾನೇ ಬೇಡ, ಸುಮ್ಮನೆ ಅಲೆಯಬೇಕು ಅನ್ನುತ್ತಾರೆ. ಅದಕ್ಕೆ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಹೆಸರು ಹೇಳುತ್ತಾರೆ. ನನಗೂ ಬಹಳ ಇಷ್ಟದ ಪುಸ್ತಕ. ದ್ವೀಪದ ಬಗ್ಗೆ ಕನ್ನಡದಲ್ಲಿ ಏನಾದರೂ ಓದಬೇಕೆಂದರೆ ಅದನ್ನೇ ಮೊದಲು ಓದಿ ಅನ್ನುತ್ತೇನೆ. ಆದರೆ ಎಲ್ಲರೂ ಅರ್ಧ ಪುಸ್ತಕವನ್ನೇ ನೆನಪಿಟ್ಟಿದ್ದಾರೆ. ಇನ್ನರ್ಧ ನೈಲ್ ನದಿಯ ಮೂಲ ಹುಡುಕಿ ಹೋದವರ ಕಥೆ, ಮೂಡಿಗೆರೆಯ ಮನೆಯಲ್ಲಿ ಕೂತು ಓದಿ ಓದಿ ಬರೆದದ್ದು. ಅಲೆಮಾರಿ ಅಂತ ಹೆಸರಿಟ್ಟುಕೊಂಡವರು ಓದುವ ಕೆಲಸವನ್ನು ಬಿಟ್ಟಿರಲಿಲ್ಲ. ‘ಅಮೆರಿಕದಲ್ಲಿ ಗೊರೂರು’ ಪುಸ್ತಕದ್ದೂ ಅಷ್ಟೇ. ಅದಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಮೆರಿಕ ಅಲ್ಲಿ ಹೊಸದಾಗಿ ಕಾಣುವುದು ಹೇಮಾವತಿ ದಂಡೆಯ ಹಳ್ಳಿಯನ್ನು ಲೇಖಕರು ಜೊತೆಗೇ ಒಯ್ದಿದ್ದರಿಂದ. ಇನ್ನು ಪ್ಲ್ಯಾನ್ ಇಲ್ಲದೆ ಅಲೆಯುವುದಕ್ಕೆ ರಜೆ ಬೇಕು. ನನಗಿರುವುದು ಐದು ದಿನ ರಜೆ, ಎರಡು ಶನಿವಾರ, ಎರಡು ಭಾನುವಾರ. ಮಂಡಿ ನೋವಿನ ಅವ್ವನನ್ನು ಕರೆದುಕೊಂಡು ‘ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಮಲಗೋಣ’ ಅನ್ನುವುದು ಶೋಕಿ.

ಹೌದು, ಅವ್ವ-ಅಪ್ಪನೂ ಬರುತ್ತಿದ್ದಾರೆ. ಅದು ಹೇಗಾಯಿತೆಂದರೆ, ನೀರಿನ ಕಥೆ ಹೇಳಿದ ನಾಲ್ಕು ದಿನದ ಮೇಲೆ ಅಪ್ಪ ತಾನೇ ಫೋನ್ ಮಾಡಿ, ಹವೆ ಹೇಗಿದೆ, ನೀನು ಉಂಡ್ಯಾ ಅಂತ ಕೇಳಿ, ಇಡುವ ಮುಂಚೆ ‘ಆ ದ್ವೀಪಕ್ಕ ಹೋಗಾಕ ಒಬ್ಬರಿಗಿ ಎಷ್ಟ ಆಗ್ತದ?’ ಅಂದ. ಅಪ್ಪನಿಗೆ ಎಪ್ಪತ್ತಕ್ಕೆ ಎರಡು ಕಡಿಮೆ. ಶ್ರೀಶೈಲಕ್ಕೆ ನಡೆದು ಹೋಗಿದ್ದಾನೆ, ಪಂಢರಪುರ ನೋಡಿದ್ದಾನೆ, ಇಬ್ಬರೂ ಸಮುದ್ರ ನೋಡಿಲ್ಲ. ನಾನು ಕೆಲಸಕ್ಕೆ ಸೇರಿ ಹನ್ನೆರಡು ವರ್ಷ. ಗೋವಾಕ್ಕೆ ಐದು ಸಲ ಹೋಗಿದ್ದೇನೆ.

ವೀಸಾಕ್ಕೆ ಐದು ಲಕ್ಷ, ಮೇಲೆ ಪ್ರವಾಸಿ ತೆರಿಗೆ ಒಂದೂವರೆ ಲಕ್ಷ ಅಂದಾಗ ಫೋನಿನ ಆ ಕಡೆ ಸದ್ದೇ ಇಲ್ಲ. ರುಪಿಯಾ ಅಪ್ಪಾ, ನಮ್ಮ ದುಡ್ಡಿನಾಗ ವೀಸಾಕ್ಕ ಮೂರು ಸಾವಿರದ ಒಳಗ ಅಂದ ಮೇಲೆ ಉಸಿರು ಬಿಟ್ಟ.

ಅವತ್ತು ರಾತ್ರಿ ಪಿಡಿಎಫ್ ಮುಚ್ಚಿ ಖಾಲಿ ಶೀಟ್ ತೆಗೆದೆ. ಮೊದಲ ಸಾಲಿನಲ್ಲೇ ತಪ್ಪು ಕಂಡಿತು. ಎಲ್ಲ ಐಟಿನರಿಗಳಲ್ಲೂ ದಿನ ಒಂದು ಶುರುವಾಗುವುದು ವಿಮಾನ ನಿಲ್ದಾಣದಲ್ಲಿ, ಹೆಸರಿನ ಫಲಕ ಹಿಡಿದ ಡ್ರೈವರ್ ಕಾಯುತ್ತಿರುತ್ತಾನೆ. ನಮ್ಮ ದಿನ ಒಂದು ಶುರುವಾಗುವುದು ಕಮಲಾಪುರದ ಬಸ್ ನಿಲ್ದಾಣದಲ್ಲಿ. ಅಲ್ಲಿಂದ ಕಲಬುರಗಿ, ರಾತ್ರಿಯಿಡೀ ರೈಲು, ಬೆಂಗಳೂರು ಸುಮಾರು 600 ಕಿ.ಮೀ. 2024ರ ಮಾರ್ಚ್‌ನಿಂದ ಬೆಂಗಳೂರಿಂದ ನೇರ ವಿಮಾನ ಇದೆ, ಸುಮಾರು ಏಳು ಗಂಟೆ. ಗಡಿಯಾರ ಎರಡೂವರೆ ತಾಸು ಮುಂದೆ. ಹಾಗಾಗಿ ಬೆಂಗಳೂರಲ್ಲಿ ಒಂದು ದಿನ ವಿಶ್ರಾಂತಿ, ಬಾಲಿ ಮುಟ್ಟಿದ ದಿನ ಏನೂ ಇಲ್ಲ.

ತಿಂಗಳು ಯಾವುದು ಅಂತ ತೊಗರಿ ತೀರ್ಮಾನ ಮಾಡಿತು. ಬಿತ್ತುವುದು ಜೂನ್, ರಾಶಿ ಡಿಸೆಂಬರ್-ಜನವರಿ. ಅಪ್ಪನಿಗೆ ಪುರಸೊತ್ತು ಫೆಬ್ರವರಿಯಿಂದ ಮೇ. ಬಾಲಿಯಲ್ಲಿ ಮಾರ್ಚ್‌ವರೆಗೂ ಮಳೆ, ಏಪ್ರಿಲ್‌ನಿಂದ ಅಕ್ಟೋಬರ್ ಒಣ ಹವೆ. ಐಟಿ ಮಂದಿ ರಜೆ ಸಿಗುತ್ತದೆ ಅಂತ ಡಿಸೆಂಬರಿನಲ್ಲಿ ಹೋಗಿ ಮಳೆಯಲ್ಲಿ ನೆನೆದು ಬರುತ್ತಾರೆ. ನಾವು ಮೇ ಮೊದಲ ವಾರ. ಹೋಟೆಲ್ ಎರಡೇ. ಮೊದಲು ಉಬುದ್ ಹತ್ತಿರ ನಾಲ್ಕು ರಾತ್ರಿ, ನೆಲ ಅಂತಸ್ತಿನ ಕೋಣೆ, ಕೊನೆಗೆ ಸಮುದ್ರದ ದಂಡೆಯಲ್ಲಿ ಎರಡು. ನುಸಾ ಪೆನಿಡಾ ತೆಗೆದೆ. ಅದು ಸುಣ್ಣಕಲ್ಲಿನ ದ್ವೀಪ, ನೋಡಲು ಚೆಂದ, ಆದರೆ ಅದರ ಕಡಿದಾದ ಮೆಟ್ಟಿಲುಗಳು ಅವ್ವನಿಗೆ ಆಗುವುದಿಲ್ಲ. ಬತೂರ್ ಹತ್ತುವುದೂ ಇಲ್ಲ, ಅಂಚಿನಿಂದ ನೋಡಿ, ಕೆರೆಯ ದೇವಿಯ ಗುಡಿಗೆ ಹೋಗುವುದು. ಜತಿಲುವಿಹ್‌ಗೆ ಒಂದು ಪೂರ್ತಿ ದಿನ, ಬೇರೆ ಏನೂ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅವ್ವನ ಖಾತೆ. ಅಲ್ಲಿಯೂ ಶೇಂಗಾ ಅರೆದು ತರಕಾರಿಗೆ ಕಲಸುತ್ತಾರಂತೆ ಅಂದಾಗ ‘ಮತ್ತ ನಮ್ಮಂಗೇ ಅದ ಬಿಡು’ ಅಂದಳು.

ಶೀಟನ್ನು ದೋಸ್ತನಿಗೆ ಕಳಿಸಿದೆ. ‘ಏ, ಇದ ಟೂರ್ ಅಲ್ಲೋ, ಬೀಗರ ಮನಿಗಿ ಹೋದಂಗ ಅದ’ ಅಂತ ಉತ್ತರ ಬಂತು. ಅವನಿಗೆ ಬಾಗಿಲಿನ ಫೋಟೋ ಬೇಕೇ ಬೇಕು. ಸರಿ, ಅವನ ಫ್ಯಾಮಿಲಿ ಐದನೇ ದಿನ ಬೇರೆ ಕಾರಿನಲ್ಲಿ ಲೆಂಪುಯಾಂಗ್‌ಗೆ ಹೋಗಲಿ, ಸಂಜೆ ಸಮುದ್ರದ ಹತ್ತಿರ ಸೇರೋಣ ಅಂತ ಒಪ್ಪಂದವಾಗಿದೆ. ನನ್ನ ಹೆಂಡತಿ ಯಾವ ಕಾರಿನಲ್ಲಿ ಕೂಡುತ್ತಾಳೆ ಅಂತ ಇನ್ನೂ ಹೇಳಿಲ್ಲ.

ಮೊನ್ನೆ ಸಂಕ್ರಾಂತಿಗೆ ಮತ್ತೆ ಊರಿಗೆ ಹೋಗಿದ್ದೆ. ಪಾಸ್‌ಪೋರ್ಟಿಗೆ ಇಬ್ಬರ ಆಧಾರ್‌ನಲ್ಲೂ ಹುಟ್ಟಿದ ದಿನ ಜನವರಿ ಒಂದು ಅಂತಿದೆ, ಅದಕ್ಕೆ ಓಡಾಟ ನಡೆದಿದೆ. ಅಪ್ಪ ಶೀಟಿನ ಪ್ರಿಂಟ್ ತೆಗೆಸಿಕೊಂಡು ಬಾ ಅಂದಿದ್ದ, ಕನ್ನಡದಲ್ಲಿ. ಜಗತ್‌ನ ಒಂದು ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದಿದ. ಮುಗಿಸಿ ಕೇಳಿದ್ದು ಒಂದೇ.

‘ಎಲ್ಲಾ ಬರದೀ. ಬಾಳಿ ಗಿಡಕ್ಕ ಮೋಟರ್ ಹಾಕೋರು ಯಾರು?’

ನಮ್ಮದು ಅರ್ಧ ಎಕರೆ ಕೆಂಪು ಬಾಳೆ ಇದೆ, ಕಮಲಾಪುರದ ಹೆಸರಿನ ಜಿಐ ಟ್ಯಾಗ್ ಇರುವ ಅದೇ ತಳಿ. ಮೇ ತಿಂಗಳ ಬಿಸಿಲಿನಲ್ಲಿ ಒಂದು ವಾರ ನೀರು ತಪ್ಪಿದರೆ ಗೊನೆ ಹೋದಂತೆ. ತ್ರೀ ಫೇಸ್ ಕರೆಂಟ್ ಬರುವುದು ಒಮ್ಮೆ ರಾತ್ರಿ, ಒಮ್ಮೆ ಹಗಲು. ಮಾಮಾನಿಗೆ ಫೋನ್ ಹಚ್ಚಿದೆವು. ಅವನು ಹೂಂ ಅಂದಿದ್ದಾನೆ, ಆದರೆ ಗುರುವಾರ ಅವನ ಬೀಗರ ಕಡೆ ಮದುವೆ ಇದೆ, ಅವತ್ತೊಂದು ದಿನ ಆಗುವುದಿಲ್ಲ. ಶೀಟಿನಲ್ಲಿ ಹೊಸ ಕಾಲಮ್ ಮಾಡಿ ‘ಮೋಟರ್’ ಅಂತ ಬರೆದಿದ್ದೇನೆ. ಆರು ದಿನ ಮಾಮಾನ ಹೆಸರಿದೆ. ಗುರುವಾರದ್ದು ಖಾಲಿ ಇದೆ.